ಅರವತ್ತು ದಿನ, ಒಂದು ವರ್ಷ, ಮುಕ್ಕಾಲು ಗಂಟೆ

ಅಮೆರಿಕದಲ್ಲಿ ದುಡಿಯುವ ಬಹುತೇಕ ಎಲ್ಲರ ಸಂಬಳದಿಂದಲೂ ಶೇ. 6.2ರಷ್ಟನ್ನು ಸೋಷಿಯಲ್ ಸೆಕ್ಯುರಿಟಿ ತೆರಿಗೆಯೆಂದು ಹಿಡಿದುಕೊಳ್ಳುತ್ತಾರೆ. ಅದರ ಒಂದು ಸಣ್ಣ ಪಾಲು ಅಂಗವೈಕಲ್ಯ ವಿಮೆಗೆ ಸೇರುತ್ತದೆ. ವಯಸ್ಸಾಗುವ ಮೊದಲೇ ಮೈ ಕೈಕೊಟ್ಟವರಿಗೆ ತಿಂಗಳು ತಿಂಗಳು ಹಣ ಕೊಡುವ ಈ ವಿಮೆ ಬಂದದ್ದು 1956ರಲ್ಲಿ, ಐಸೆನ್‌ಹೋವರ್ ಅಧ್ಯಕ್ಷರಾಗಿದ್ದಾಗ. ದುಡಿಮೆಯ ದಾಖಲೆ ಸಾಲದ ಬಡವರಿಗಾಗಿ ಎಸ್‌.ಎಸ್‌.ಐ. ಎಂಬ ಇನ್ನೊಂದು ಯೋಜನೆ 1974ರಿಂದ ನಡೆಯುತ್ತಿದೆ. ವಯಸ್ಕರಿಗೆ ಎರಡರಲ್ಲೂ ಕಟ್ಟಳೆ ಒಂದೇ. ಕಾಯಿಲೆ ಕನಿಷ್ಠ ಹನ್ನೆರಡು ತಿಂಗಳು ಇರುವಂಥದ್ದೋ ಪ್ರಾಣಕ್ಕೆ ಎರವಾಗುವಂಥದ್ದೋ ಆಗಿರಬೇಕು, ಮತ್ತು ಅದರಿಂದಾಗಿ ಯಾವ ಪೂರ್ಣಾವಧಿ ಕೆಲಸವನ್ನೂ ಮಾಡಲಾಗದಂತಿರಬೇಕು. ನಮ್ಮ ದೇಶದ ಪ್ರಮಾಣಪತ್ರದಲ್ಲಿರುವಂತೆ ಶೇ. 40, ಶೇ. 75 ಎಂಬ ಲೆಕ್ಕ ಇಲ್ಲಿಲ್ಲ. ಸಿಕ್ಕರೆ ಪೂರ್ತಿ, ಇಲ್ಲವಾದರೆ ಏನೂ ಇಲ್ಲ.

ಅರ್ಜಿ ತಿರಸ್ಕೃತವಾದವರ ಪ್ರತಿನಿಧಿಯಾಗಿ ಮೇಲ್ಮನವಿ ವಿಚಾರಣೆಗಳಲ್ಲಿ ಕೂರುವುದು ನನ್ನ ವೃತ್ತಿ. ಟ್ರಕ್ ಓಡಿಸುತ್ತಿದ್ದವರು, ನರ್ಸಿಂಗ್ ಹೋಮಿನಲ್ಲಿ ರೋಗಿಗಳನ್ನು ಎತ್ತಿ ಇಳಿಸಿ ಸೊಂಟ ಕಳೆದುಕೊಂಡವರು, ಗೋದಾಮಿನ ಕೆಲಸಗಾರರು ನನ್ನ ಕಕ್ಷಿದಾರರಲ್ಲಿ ಹೆಚ್ಚು. ಆಗೊಮ್ಮೆ ಈಗೊಮ್ಮೆ ಕನ್ನಡದಲ್ಲಿ ಮಾತು ಶುರುಮಾಡುವ ಫೋನೂ ಬರುತ್ತದೆ. ಯಾರೇ ಆಗಲಿ, ಕೇಳುವುದು ಎರಡೇ: ಎಷ್ಟು ದಿನ ಹಿಡಿಯುತ್ತೆ, ಸಿಗೋ ಸಾಧ್ಯತೆ ಎಷ್ಟು? ಈ ಎರಡು ಪ್ರಶ್ನೆಗಳ ಸುತ್ತ ನಾನು ಕಲಿತದ್ದನ್ನು ಬರೆಯುತ್ತಿದ್ದೇನೆ.

1. ಶೇಕಡಾವಾರು ಕೇಳುವ ಮೊದಲು ಅದು ಯಾವ ಮೆಟ್ಟಿಲಿನದು ಎಂದು ಕೇಳಿ

ಅರ್ಜಿ ಮೊದಲು ಅಂಗವೈಕಲ್ಯ ತೀರ್ಮಾನಿಸುವ ಆಯಾ ರಾಜ್ಯದ ಡಿ.ಡಿ.ಎಸ್. ಕಚೇರಿಗೆ ಹೋಗುತ್ತದೆ. ಅಲ್ಲಿ ಒಪ್ಪಿಗೆಯಾಗುವುದು ಹತ್ತರಲ್ಲಿ ನಾಲ್ಕಕ್ಕಿಂತ ಕಡಿಮೆ. ತಿರಸ್ಕಾರವಾದರೆ ಅದೇ ಕಚೇರಿಯ ಬೇರೊಬ್ಬರು ಮರುಪರಿಶೀಲಿಸುತ್ತಾರೆ. ಅಲ್ಲಿ ಗೆಲ್ಲುವುದು ಸುಮಾರು ಏಳರಲ್ಲಿ ಒಂದು. ಮೂರನೆಯದು ಆಡಳಿತ ನ್ಯಾಯಾಧೀಶರ ಮುಂದಿನ ವಿಚಾರಣೆ. ಇಲ್ಲಿ ಸುಮಾರು ಅರ್ಧದಷ್ಟು ಜನ ಗೆಲ್ಲುತ್ತಾರೆ. ಅಲ್ಲೂ ಸೋತರೆ ಅಪೀಲ್ಸ್ ಕೌನ್ಸಿಲ್, ಕೊನೆಗೆ ಫೆಡರಲ್ ಜಿಲ್ಲಾ ನ್ಯಾಯಾಲಯ.

ಮೂರನೆಯ ಮೆಟ್ಟಿಲಿನಲ್ಲಿ ಅಂಕಿ ಇದ್ದಕ್ಕಿದ್ದಂತೆ ಏಕೆ ಏರುತ್ತದೆ? ನ್ಯಾಯಾಧೀಶರು ಕೊಡುಗೈಯವರು ಎಂದಲ್ಲ. ಮೊದಲೆರಡು ಸಲ ಕಡತ ಓದಿದವರು ಅರ್ಜಿದಾರರ ಮುಖ ನೋಡಿರುವುದಿಲ್ಲ. ವಿಚಾರಣೆಯಲ್ಲಿ ಮೊದಲ ಬಾರಿಗೆ ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನ ಮಾತು ಕೇಳುತ್ತಾನೆ. ಅಷ್ಟರಲ್ಲಿ ಕಾಯಿಲೆ ಬೆಳೆದಿರುತ್ತದೆ, ವಯಸ್ಸು ಏರಿರುತ್ತದೆ, ಕಡತಕ್ಕೆ ಹೊಸ ವರದಿಗಳು ಸೇರಿರುತ್ತವೆ, ಜೊತೆಗೆ ಒಬ್ಬ ಪ್ರತಿನಿಧಿ ಇರುತ್ತಾರೆ. ಇನ್ನೊಂದು ನೋವಿನ ಕಾರಣವೂ ಇದೆ. ಮೊದಲ ತಿರಸ್ಕಾರದ ಪತ್ರ ಓದಿಯೇ ಲಕ್ಷಾಂತರ ಜನ ಕೈಚೆಲ್ಲುತ್ತಾರೆ. ಉಳಿದು ಬಂದವರಲ್ಲಿ ಅರ್ಧ ಜನ ಗೆಲ್ಲುತ್ತಾರೆ ಎಂಬುದು ಅರ್ಜಿ ಹಾಕಿದವರಲ್ಲಿ ಅರ್ಧ ಜನ ಗೆಲ್ಲುತ್ತಾರೆ ಎಂಬುದಕ್ಕಿಂತ ತೀರ ಬೇರೆ ಮಾತು.

ಆ ಅರ್ಧವೂ ಸ್ಥಿರವಲ್ಲ. 2010ರ ಸುಮಾರಿಗೆ ಹತ್ತರಲ್ಲಿ ಆರಕ್ಕೆ ಒಪ್ಪಿಗೆ ಸಿಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದು ಅರ್ಧಕ್ಕಿಂತ ಕೆಳಗಿಳಿಯಿತು, ಮತ್ತೆ ಮೇಲೆ ಬಂತು. ಅಷ್ಟರಲ್ಲಿ ಜನರ ಬೆನ್ನುಮೂಳೆಯೇನೂ ಬದಲಾಗಿರಲಿಲ್ಲ. ವಿಚಾರಣೆಗೆ ಬಾರದೆ ವಜಾ ಆದ ಪ್ರಕರಣಗಳನ್ನು ಲೆಕ್ಕಕ್ಕೆ ಸೇರಿಸಿದ್ದಾರೋ ಬಿಟ್ಟಿದ್ದಾರೋ ಎಂಬುದರ ಮೇಲೂ ಅಂಕಿ ಹಿಗ್ಗುತ್ತದೆ, ಕುಗ್ಗುತ್ತದೆ.

2. ತಿರಸ್ಕಾರದ ಪತ್ರ ಬಂದ ದಿನದಿಂದ 60 ದಿನ

ಪ್ರತಿ ಮೆಟ್ಟಿಲಿಗೂ ಗಡುವು ಅರವತ್ತು ದಿನ. ಅಂಚೆಗೆಂದು ಐದು ದಿನ ಸೇರಿಸಿಕೊಳ್ಳುತ್ತಾರೆ. ನನ್ನನ್ನು ಅತಿ ಹೆಚ್ಚು ಕಾಡುವುದು ಈ ಗಡುವು ತಪ್ಪಿಸಿಕೊಂಡು, "ಹೋಗಲಿ, ಹೊಸದಾಗಿ ಅರ್ಜಿ ಹಾಕಿದರಾಯ್ತು" ಎಂದುಕೊಂಡು ಬರುವವರು. ಹೊಸ ಅರ್ಜಿ ಮತ್ತೆ ಅದೇ ಕಚೇರಿಗೆ, ಅದೇ ಕಣ್ಣುಗಳ ಮುಂದೆ ಹೋಗುತ್ತದೆ. ಹಳೆಯ ಅರ್ಜಿಯ ದಿನಾಂಕದಿಂದ ಲೆಕ್ಕವಾಗಬೇಕಿದ್ದ ಬಾಕಿ ಹಣವೂ ಬಹುಮಟ್ಟಿಗೆ ಹೋಗುತ್ತದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ವಿಮೆಯ ರಕ್ಷಣೆ ದುಡಿಮೆ ನಿಂತ ಮೇಲೆ ಸಾಮಾನ್ಯವಾಗಿ ಐದು ವರ್ಷ ಮಾತ್ರ ಉಳಿಯುತ್ತದೆ. ಎರಡು ಮೂರು ಸಲ ಹೊಸ ಅರ್ಜಿ ಹಾಕುತ್ತ ಕುಳಿತರೆ ಆ ದಿನಾಂಕ ಸದ್ದಿಲ್ಲದೆ ದಾಟಿಬಿಡುತ್ತದೆ. ಆದ್ದರಿಂದ ವಾದ ಸಿದ್ಧವಿಲ್ಲದಿದ್ದರೂ ಮೇಲ್ಮನವಿಯ ಫಾರಂ ಮೊದಲು ಹಾಕಿ. ಕಾರಣ, ದಾಖಲೆ, ವಕೀಲರು ಎಲ್ಲ ಆಮೇಲೆ.

3. ಸರಾಸರಿ ಕಾಯುವಿಕೆ ಎಂಬ ಅಂಕಿ ಕಾಯುವಿಕೆಯ ಒಂದು ತುಂಡಷ್ಟೆ

2017ರಲ್ಲಿ ವಿಚಾರಣೆ ಕೇಳಿದ ದಿನದಿಂದ ತೀರ್ಪಿನವರೆಗೆ ಸರಾಸರಿ 605 ದಿನ ಹಿಡಿಯುತ್ತಿತ್ತು. ಸರದಿಯಲ್ಲಿ ಹನ್ನೊಂದು ಲಕ್ಷಕ್ಕೂ ಹೆಚ್ಚು ಜನರಿದ್ದರು. ನ್ಯಾಯಾಧೀಶರ ನೇಮಕ, ಅರ್ಜಿಗಳ ಇಳಿಕೆ, ಕೋವಿಡ್ ಕಾಲದ ಫೋನ್ ವಿಚಾರಣೆ ಎಲ್ಲ ಸೇರಿ 2021ರ ಹೊತ್ತಿಗೆ ಅದು ಒಂದು ವರ್ಷದೊಳಕ್ಕೆ ಇಳಿಯಿತು. 2023ರಲ್ಲಿ ಮತ್ತೆ 450 ದಿನಕ್ಕೆ ಏರಿತು, ಮರುವರ್ಷ ಪುನಃ ಒಂದು ವರ್ಷದ ಒಳಗೆ ಬಂತು.

ಇಷ್ಟೇ ನೋಡಿದರೆ ಪರಿಸ್ಥಿತಿ ಸುಧಾರಿಸಿದೆ ಅನ್ನಿಸುತ್ತದೆ. ಆದರೆ ಅದೇ ಅವಧಿಯಲ್ಲಿ ಮೊದಲ ಮೆಟ್ಟಿಲಿನ ಕಾಯುವಿಕೆ 2019ರ ಸುಮಾರು ನಾಲ್ಕು ತಿಂಗಳಿಂದ ಏಳು ತಿಂಗಳು ದಾಟಿತು. ರಾಜ್ಯದ ಕಚೇರಿಗಳಲ್ಲಿ ಅನುಭವಿಗಳು ಕೆಲಸ ಬಿಟ್ಟು ಹೋದರು, ಅವರ ಜಾಗಕ್ಕೆ ಬಂದವರು ಪಳಗುವುದಕ್ಕೆ ವರ್ಷಗಳು ಬೇಕು. ಕೆಳಗಿನ ಗೇಟು ತೆರೆದು ಮೇಲಿನ ಗೇಟು ಮುಚ್ಚಿದ ಕಾಲುವೆಯ ಹಾಗೆ, ನೀರು ನಿಂತ ಜಾಗ ಮಾತ್ರ ಬದಲಾಯಿತು. ಅರ್ಜಿದಾರರ ಪಾಲಿಗೆ ಮೂರೂ ಹಂತ ಸೇರಿ ಎರಡು ವರ್ಷಕ್ಕೆ ಹತ್ತಿರವೇ ಆಗುತ್ತದೆ. ಪತ್ರಿಕೆಯಲ್ಲಿ ಬರುವ ಸರಾಸರಿಯಲ್ಲಿ ಕೊನೆಯ ಹಂತ ಮಾತ್ರ ಇರುತ್ತದೆ.

ಈ ಕಾಯುವಿಕೆಯ ಬೆಲೆಯನ್ನು ಫೆಡರಲ್ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆಯಾದ ಜಿ.ಎ.ಓ. 2020ರಲ್ಲಿ ಎಣಿಸಿ ಹೇಳಿತು. 2008ರಿಂದ 2019ರವರೆಗೆ ಮೇಲ್ಮನವಿಯ ಅಂತಿಮ ತೀರ್ಮಾನ ಬರುವ ಮೊದಲೇ ತೀರಿಕೊಂಡವರು 1,09,725 ಮಂದಿ. 2014ರಿಂದ 2019ರ ನಡುವೆ ಕಾಯುತ್ತಲೇ ದಿವಾಳಿ ಅರ್ಜಿ ಹಾಕಿದವರು ಸುಮಾರು 48,000. ಇವನ್ನು ಓದಿದ ಮೇಲೆ ವಿಳಂಬವನ್ನು ಬರೀ ಕಚೇರಿ ಕೆಲಸದ ನಿಧಾನವೆಂದು ನೋಡಲು ನನ್ನಿಂದಾಗಿಲ್ಲ. ಉತ್ತರ ಕೊಡದೆ ಇಡುವುದೂ ಒಂದು ಉತ್ತರವೇ, ಮತ್ತು ಅದನ್ನು ಪಡೆದ ಬಹಳ ಮಂದಿಗೆ ಮೇಲ್ಮನವಿಯ ಅವಕಾಶವೇ ಉಳಿಯಲಿಲ್ಲ.

ಕುಟುಂಬದವರಿಗೆ ಒಂದು ಮಾತು: ವಿಮೆಯ ಅರ್ಜಿ ಅರ್ಜಿದಾರರೊಂದಿಗೆ ಸಾಯುವುದಿಲ್ಲ. ಗಂಡ, ಹೆಂಡತಿ, ಮಕ್ಕಳು ಅವರ ಜಾಗದಲ್ಲಿ ನಿಂತು ಮುಂದುವರಿಸಬಹುದು. ಎಸ್‌.ಎಸ್‌.ಐ.ಯಲ್ಲಿ ಈ ಅವಕಾಶ ಬಹಳ ಕಿರಿದು.

4. ಕಾಯುವ ವರ್ಷದಲ್ಲೇ ಪ್ರಕರಣ ಗೆಲ್ಲುವುದು ಅಥವಾ ಸೋಲುವುದು

ಇದೊಂದನ್ನು ಎಲ್ಲರಿಗೂ ಕೂಗಿ ಹೇಳಬೇಕೆನಿಸುತ್ತದೆ. ವಿಚಾರಣೆಯ ದಿನ ಚೆನ್ನಾಗಿ ಮಾತಾಡಿ ಗೆದ್ದವರನ್ನು ನಾನು ನೋಡಿರುವುದು ಕಡಿಮೆ. ಹಿಂದಿನ ಹನ್ನೆರಡು ತಿಂಗಳ ಚಿಕಿತ್ಸೆಯ ದಾಖಲೆ ಗಟ್ಟಿಯಾಗಿದ್ದು ಗೆದ್ದವರನ್ನು ಸದಾ ನೋಡುತ್ತೇನೆ.

ಕೆಲಸ ಹೋದರೆ ಆರೋಗ್ಯ ವಿಮೆಯೂ ಹೋಗುವ ದೇಶ ಇದು. ಹಣವಿಲ್ಲದೆ ಡಾಕ್ಟರ ಬಳಿ ಹೋಗುವುದು ನಿಲ್ಲುತ್ತದೆ. ಆರು ತಿಂಗಳ ಖಾಲಿ ಜಾಗ ಕಂಡರೆ ಕಡತ ಓದುವವರು "ಅಷ್ಟೇನೂ ತೊಂದರೆ ಇರಲಿಕ್ಕಿಲ್ಲ" ಎಂದುಕೊಳ್ಳುತ್ತಾರೆ. ಹಣವಿಲ್ಲದ್ದು ಕಾರಣವೆಂದು ತೋರಿಸಿದರೆ ನ್ಯಾಯಾಧೀಶರು ಅದನ್ನು ಪರಿಗಣಿಸಲೇಬೇಕು, ಆದರೆ ತೋರಿಸಬೇಕಾದವರು ನಾವು. ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್‌ಗೆ ಅರ್ಜಿ ಹಾಕಿ, ಆದಾಯಕ್ಕೆ ತಕ್ಕ ಶುಲ್ಕ ಪಡೆಯುವ ಸಮುದಾಯ ಕ್ಲಿನಿಕ್ ಹುಡುಕಿ, ಅಲ್ಲಿಗೂ ಹೋಗಲಾಗದಿದ್ದರೆ ಹೋಗಲಾಗದ್ದಕ್ಕೆ ಕಾಗದ ಇಟ್ಟುಕೊಳ್ಳಿ.

ರೋಗದ ಹೆಸರೊಂದರಿಂದಲೇ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಕೀಲುವಾತ ಇದೆ ಎಂಬ ಎಕ್ಸ್‌ರೇ ವರದಿ ಎಲ್ಲರ ಕಡತದಲ್ಲೂ ಇರುತ್ತದೆ. ನ್ಯಾಯಾಧೀಶರಿಗೆ ಬೇಕಾದದ್ದು ಎಷ್ಟು ಹೊತ್ತು ಕೂರಬಲ್ಲರು, ಎಷ್ಟು ಹೊತ್ತು ನಿಲ್ಲಬಲ್ಲರು, ಎಷ್ಟು ಭಾರ ಎತ್ತಬಲ್ಲರು, ಬೆರಳುಗಳಿಂದ ಗುಂಡಿ ಹಾಕಬಲ್ಲರೇ, ತಿಂಗಳಲ್ಲಿ ಎಷ್ಟು ದಿನ ಹಾಸಿಗೆ ಬಿಟ್ಟು ಏಳಲಾಗುವುದಿಲ್ಲ ಎಂಬುದು. 2017ರ ಮಾರ್ಚ್ 27ಕ್ಕೆ ಮೊದಲು ಹಾಕಿದ ಅರ್ಜಿಗಳಲ್ಲಿ ಸ್ವಂತ ವೈದ್ಯರ ಅಭಿಪ್ರಾಯಕ್ಕೆ ನಿಯಮದಲ್ಲೇ ವಿಶೇಷ ತೂಕವಿತ್ತು. ಆಮೇಲಿನ ಅರ್ಜಿಗಳಿಗೆ ಆ ತೂಕವಿಲ್ಲ. ಅಭಿಪ್ರಾಯಕ್ಕೆ ಆಧಾರ ಏನು, ಉಳಿದ ದಾಖಲೆಗೆ ಅದು ಹೊಂದುತ್ತದೆಯೇ ಎಂದು ನೋಡುತ್ತಾರೆ. "ನನ್ನ ರೋಗಿಗೆ ಕೆಲಸ ಮಾಡಲಾಗದು" ಎಂಬ ಒಂದು ಸಾಲಿನ ಪತ್ರ ತರುವವರನ್ನು ನಾನು ವಾಪಸ್ ಕಳಿಸಿ, ಗಂಟೆ, ಪೌಂಡ್, ದಿನಗಳ ಲೆಕ್ಕದಲ್ಲಿ ಬರೆಸಿಕೊಂಡು ಬನ್ನಿ ಎನ್ನುತ್ತೇನೆ.

ನಮ್ಮವರಲ್ಲಿ ಇನ್ನೊಂದು ಅಭ್ಯಾಸ. ಡಾಕ್ಟರು "ಹೇಗಿದ್ದೀರಿ" ಎಂದರೆ "ಪರವಾಗಿಲ್ಲ" ಎನ್ನುವುದು ಮರ್ಯಾದೆ. ನೋವನ್ನು ಹೊರಗಿನವರ ಮುಂದೆ ಹರಡಬಾರದು ಎಂದು ಬೆಳೆದವರು. ಡಾಕ್ಟರು ಅದನ್ನೇ ಟೈಪ್ ಮಾಡುತ್ತಾರೆ, ಅದೇ ಸಾಲು ಎರಡು ವರ್ಷದ ಮೇಲೆ ತಿರಸ್ಕಾರದ ತೀರ್ಪಿನಲ್ಲಿ ಕಾಣಿಸಿಕೊಳ್ಳುತ್ತದೆ. ಉತ್ಪ್ರೇಕ್ಷೆ ಬೇಡ. ಬೆಳಿಗ್ಗೆ ಬಟ್ಟೆ ಹಾಕಿಕೊಳ್ಳಲು ಯಾರು ಸಹಾಯ ಮಾಡಿದರು, ನಿನ್ನೆ ರಾತ್ರಿ ಎಷ್ಟು ಸಲ ಎದ್ದಿರಿ ಎಂಬುದನ್ನು ಇದ್ದ ಹಾಗೆ ಹೇಳಿದರೆ ಸಾಕು.

5. ನ್ಯಾಯಾಧೀಶರ ಒಪ್ಪಿಗೆಯ ಪ್ರಮಾಣ ನೋಡಿ, ಆದರೆ ಅದನ್ನೇ ನಂಬಬೇಡಿ

ಸೋಷಿಯಲ್ ಸೆಕ್ಯುರಿಟಿ ಆಡಳಿತ ಪ್ರತಿಯೊಬ್ಬ ನ್ಯಾಯಾಧೀಶರ ತೀರ್ಪುಗಳ ಲೆಕ್ಕವನ್ನು ಬಹಿರಂಗವಾಗಿ ಪ್ರಕಟಿಸುತ್ತದೆ. ಹತ್ತರಲ್ಲಿ ಎರಡು ಮೂರು ಕೊಡುವವರೂ, ಏಳು ಎಂಟು ಕೊಡುವವರೂ ಒಂದೇ ಕಾನೂನಿನ ಅಡಿಯಲ್ಲಿ ಕೆಲಸ ಮಾಡುತ್ತಾರೆ. ಅರ್ಜಿದಾರರು ನ್ಯಾಯಾಧೀಶರನ್ನು ಆರಿಸಿಕೊಳ್ಳಲಾಗುವುದಿಲ್ಲ. ಈ ಅಂತರ ನನಗೆ ಈ ವ್ಯವಸ್ಥೆಯಲ್ಲಿ ಒಪ್ಪಲಾಗದ ಸಂಗತಿ, ಅದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಒಂದು ತುದಿ ಎಷ್ಟು ದೂರ ಹೋಗಬಹುದೆಂಬುದನ್ನು ವೆಸ್ಟ್ ವರ್ಜೀನಿಯಾದ ಹಂಟಿಂಗ್ಟನ್ ಕಚೇರಿ ತೋರಿಸಿತು. ಅಲ್ಲಿನ ನ್ಯಾಯಾಧೀಶ ಡೇವಿಡ್ ಡಾಹರ್ಟಿ 2010ರ ಆರ್ಥಿಕ ವರ್ಷದಲ್ಲಿ ತೀರ್ಮಾನಿಸಿದ 1,284 ಪ್ರಕರಣಗಳಲ್ಲಿ ತಿರಸ್ಕರಿಸಿದ್ದು ನಾಲ್ಕನ್ನು ಮಾತ್ರ. ಕೆಂಟಕಿಯ ವಕೀಲ ಎರಿಕ್ ಕಾನ್ ಈ ನ್ಯಾಯಾಧೀಶರಿಗೆ ಹಣ ಕೊಟ್ಟು ತನ್ನ ಕಕ್ಷಿದಾರರಿಗೆ ಒಪ್ಪಿಗೆ ಕೊಡಿಸುತ್ತಿದ್ದರು. 2017ರಲ್ಲಿ ಇಬ್ಬರೂ ತಪ್ಪೊಪ್ಪಿಕೊಂಡರು. ಶಿಕ್ಷೆ ಆದದ್ದು ಇವರಿಬ್ಬರಿಗಷ್ಟೇ ಅಲ್ಲ. 2015ರಲ್ಲೇ ಕಾನ್‌ರ ಸಾವಿರದ ಐನೂರಕ್ಕೂ ಹೆಚ್ಚು ಹಳೆಯ ಕಕ್ಷಿದಾರರಿಗೆ, "ನಿಮ್ಮ ಪ್ರಕರಣವನ್ನು ಮತ್ತೆ ಪರಿಶೀಲಿಸುತ್ತೇವೆ" ಎಂಬ ಪತ್ರ ಹೋಯಿತು. ಅಪಲಾಚಿಯನ್ ಬೆಟ್ಟಗಳ ಆ ಬಡ ಜಿಲ್ಲೆಗಳಲ್ಲಿ ಗಣಿಯಲ್ಲಿ ಬೆನ್ನು ಮುರಿದುಕೊಂಡವರು ಬಹಳ. ಒಳಗಿನ ವ್ಯವಹಾರ ಅವರಲ್ಲಿ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ಬಹಳ ಮಂದಿ ಭತ್ಯೆ ಕಳೆದುಕೊಂಡರು. 2018ರಲ್ಲಿ ಆರನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ, ಅವರ ಸಾಕ್ಷ್ಯವನ್ನು ಉತ್ತರಿಸುವ ಅವಕಾಶ ಕೊಡದೆ ಬದಿಗಿಟ್ಟದ್ದು ಸಂವಿಧಾನಕ್ಕೆ ವಿರುದ್ಧ ಎಂದಿತು. ಅಷ್ಟರಲ್ಲಿ ಮೂರು ವರ್ಷ ಕಳೆದಿತ್ತು.

ನಾನು ನ್ಯಾಯಾಧೀಶರ ಅಂಕಿಗಿಂತ ಅವರ ಹಿಂದಿನ ತೀರ್ಪುಗಳನ್ನು ಓದುತ್ತೇನೆ. ಕೆಲವರು ಮಾತ್ರೆಯ ಅಡ್ಡಪರಿಣಾಮದ ಬಗ್ಗೆ ಬಿಡದೆ ಕೇಳುತ್ತಾರೆ, ಕೆಲವರಿಗೆ ಚಿಕಿತ್ಸೆಯ ನಡುವಿನ ಖಾಲಿ ಜಾಗವೇ ಮುಖ್ಯ. ಅದಕ್ಕೆ ತಯಾರಾಗಬಹುದು. ಅವರ ಶೇಕಡಾವಾರಿಗೆ ತಯಾರಾಗಲು ಸಾಧ್ಯವಿಲ್ಲ.

6. ಐವತ್ತನೆಯ ಹುಟ್ಟುಹಬ್ಬ

ನಾಲ್ಕು ಸಂಗತಿ ನೋಡಿ ಭತ್ಯೆ ಕೊಡಬೇಕೇ ಎಂದು ಹೇಳುವ ಒಂದು ಕೋಷ್ಟಕ 1979ರಿಂದ ಜಾರಿಯಲ್ಲಿದೆ: ವಯಸ್ಸು, ಓದು, ಹಿಂದಿನ ಕೆಲಸದ ಕೌಶಲ, ಉಳಿದಿರುವ ದೈಹಿಕ ಸಾಮರ್ಥ್ಯ. ಕುಳಿತು ಮಾಡುವ ಹಗುರ ಕೆಲಸಕ್ಕೆ ಮಾತ್ರ ಶಕ್ತನಾದ 49ರ ಕೂಲಿಕಾರ ಸೋಲುತ್ತಾನೆ, ಅದೇ ದೇಹದ 50ರವನು ಗೆಲ್ಲುತ್ತಾನೆ. 55ಕ್ಕೆ ಇನ್ನೊಂದು ಮೆಟ್ಟಿಲು ಸಡಿಲವಾಗುತ್ತದೆ. ಕಾಯುವ ಅವಧಿಯಲ್ಲಿ ಐವತ್ತು ತುಂಬಿದರೆ, ಅಂಗವೈಕಲ್ಯದ ಆರಂಭದ ದಿನಾಂಕವನ್ನು ಆ ಹುಟ್ಟುಹಬ್ಬಕ್ಕೆ ತಿದ್ದಲು ಒಪ್ಪುತ್ತೀರಾ ಎಂದು ಕೇಳುವುದುಂಟು. ಒಪ್ಪಿದರೆ ಹಿಂದಿನ ತಿಂಗಳುಗಳ ಹಣ ಹೋಗುತ್ತದೆ, ಮುಂದಿನ ವರ್ಷಗಳ ಹಣ ಖಚಿತವಾಗುತ್ತದೆ. ಈ ಆಯ್ಕೆಯನ್ನು ವಿಚಾರಣೆಯ ಕೊಠಡಿಯಲ್ಲಿ ಆತುರದಿಂದ ಮಾಡಬಾರದು. ಮನೆಯಲ್ಲಿ ಕೂತು ಲೆಕ್ಕಹಾಕಿ ಬನ್ನಿ.

7. ಫೋನಿನ ಆ ಬದಿಯಲ್ಲಿರುವ ಉದ್ಯೋಗ ತಜ್ಞರ ಮಾತನ್ನು ಕಿವಿಗೊಟ್ಟು ಕೇಳಿ

ಬಹುತೇಕ ವಿಚಾರಣೆಗಳ ಕೊನೆಯ ಹತ್ತು ಹದಿನೈದು ನಿಮಿಷದಲ್ಲಿ ನ್ಯಾಯಾಧೀಶರು ಒಬ್ಬ ಉದ್ಯೋಗ ತಜ್ಞರನ್ನು ಕೇಳುತ್ತಾರೆ: "ಇಂಥ ವಯಸ್ಸಿನ, ಇಷ್ಟು ಭಾರ ಎತ್ತಬಲ್ಲ, ಇಷ್ಟು ಹೊತ್ತು ನಿಲ್ಲಬಲ್ಲ ವ್ಯಕ್ತಿಯಿದ್ದಾನೆ ಎಂದುಕೊಳ್ಳಿ. ಅವನಿಗೆ ದೇಶದಲ್ಲಿ ಕೆಲಸವಿದೆಯೇ?" ತಜ್ಞರು ಮೂರು ಕೆಲಸಗಳ ಹೆಸರು ಹೇಳಿ, ಪ್ರತಿಯೊಂದೂ ಎಷ್ಟು ಸಾವಿರವಿದೆ ಎನ್ನುತ್ತಾರೆ. ಎಷ್ಟೋ ಪ್ರಕರಣಗಳ ಭವಿಷ್ಯ ಅಲ್ಲೇ ನಿರ್ಧಾರವಾಗುತ್ತದೆ.

ಆ ಹೆಸರುಗಳು ಬರುವುದು 1991ರಲ್ಲಿ ಕೊನೆಯದಾಗಿ ಪರಿಷ್ಕರಿಸಿದ ಒಂದು ಸರ್ಕಾರಿ ಉದ್ಯೋಗ ಕೋಶದಿಂದ. ಕಾಯಿಬೀಜ ಆರಿಸುವವರು, ಮರದ ಗೂಟ ಪರೀಕ್ಷಿಸುವವರು, ಲಕೋಟೆಗಳ ಮೇಲೆ ವಿಳಾಸ ಬರೆಯುವವರು. ಇಂಟರ್ನೆಟ್ ಮನೆಮನೆಗೆ ಬರುವ ಮೊದಲಿನ ದೇಶದ ಪಟ್ಟಿ ಅದು. ಕಾಲು ಕಳೆದುಕೊಂಡ ಚಾಲಕರಿಗೆ, ನೀವು ಲಕೋಟೆಗೆ ವಿಳಾಸ ಬರೆಯಬಹುದಲ್ಲ ಎಂದು ಭತ್ಯೆ ನಿರಾಕರಿಸಿದಾಗ ಅವರ ಮುಖ ನೋಡುವುದು ಕಷ್ಟ. 2024ರ ಜೂನ್‌ನಲ್ಲಿ ಸೋಷಿಯಲ್ ಸೆಕ್ಯುರಿಟಿ ಆಡಳಿತವೇ, ಈಗ ಬೆರಳೆಣಿಕೆಯಷ್ಟೂ ಸಿಗದ ನೂರಕ್ಕೂ ಹೆಚ್ಚು ಕೆಲಸಗಳನ್ನು ತಿರಸ್ಕಾರಕ್ಕೆ ಆಧಾರ ಮಾಡಬಾರದು ಎಂದಿತು. ಇನ್ನು ಕೆಲವಕ್ಕೆ ಹೆಚ್ಚಿನ ಪುರಾವೆ ಬೇಕು ಎಂದಿತು. ಅದೇ ತಿಂಗಳು, ಹಿಂದಿನ ಹದಿನೈದು ವರ್ಷದ ಬದಲು ಐದು ವರ್ಷದ ಕೆಲಸಗಳನ್ನು ಮಾತ್ರ ಹಿಂದಿನ ಕೆಲಸವೆಂದು ಲೆಕ್ಕಕ್ಕೆ ತೆಗೆದುಕೊಳ್ಳುವ ನಿಯಮವೂ ಬಂತು. ಎರಡೂ ಬಹಳ ಹಿಂದೆಯೇ ಆಗಬೇಕಿತ್ತು.

ತಜ್ಞರನ್ನು ಪ್ರಶ್ನಿಸುವ ಹಕ್ಕು ನಮಗಿದೆ. ಈ ಸಂಖ್ಯೆ ಎಲ್ಲಿಂದ ಬಂತು? ತಿಂಗಳಿಗೆ ಎರಡು ದಿನ ಗೈರಾದರೆ ಈ ಕೆಲಸ ಉಳಿಯುತ್ತದೆಯೇ? ಒಂದು ಕೈಯಲ್ಲಿ ಊರುಗೋಲು ಹಿಡಿದಿದ್ದರೆ? ಗೈರಿನ ಪ್ರಶ್ನೆಗೆ "ಉಳಿಯುವುದಿಲ್ಲ" ಎಂಬ ಉತ್ತರ ಬರುವುದೇ ಹೆಚ್ಚು. ಆ ಉತ್ತರ ಉಪಯೋಗಕ್ಕೆ ಬರುವುದು ಗೈರಿನ ದಿನಗಳು ನಾಲ್ಕನೆಯ ಪಾಠದ ದಾಖಲೆಗಳಲ್ಲಿ ಕಾಣುತ್ತಿದ್ದರೆ ಮಾತ್ರ.

8. ಮುಕ್ಕಾಲು ಗಂಟೆ

ವಿಚಾರಣೆಯ ನೋಟಿಸ್ 75 ದಿನ ಮುಂಚೆ ಬರುತ್ತದೆ. ಸಾಕ್ಷ್ಯವನ್ನು ಐದು ಕೆಲಸದ ದಿನ ಮೊದಲು ಕೊಟ್ಟಿರಬೇಕು, ಅಥವಾ ಬರಲಿದೆ ಎಂದು ಬರೆದು ತಿಳಿಸಿರಬೇಕು. ವಿಚಾರಣೆ ಮುಗಿಯುವುದು ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ. ಎದುರು ಪಕ್ಷದ ವಕೀಲರಿರುವುದಿಲ್ಲ. 2020ರಿಂದ ಫೋನು, ವಿಡಿಯೋ ವಿಚಾರಣೆಗಳೇ ಹೆಚ್ಚು. ನಡುಗುವ ಕೈ, ಊದಿದ ಕಾಲು ಕಾಣಬೇಕಾದ ಪ್ರಕರಣದಲ್ಲಿ ನಾನು ಫೋನ್ ಒಪ್ಪುವುದಿಲ್ಲ.

ಇಂಗ್ಲಿಷ್ ಸಲೀಸಾಗಿ ಬಾರದವರಿಗೆ ದುಭಾಷಿಯನ್ನು ಸರ್ಕಾರವೇ ಉಚಿತವಾಗಿ ಕೊಡುತ್ತದೆ, ಕನ್ನಡಕ್ಕೂ. ಮೇಲ್ಮನವಿಯ ಫಾರಂನಲ್ಲೇ ಕೇಳಿಬಿಡಿ. ಮಗಳನ್ನೋ ಸೊಸೆಯನ್ನೋ ಜೊತೆಗೆ ಕೂರಿಸಿಕೊಂಡು ನಿಭಾಯಿಸುತ್ತೇವೆ ಎನ್ನಬೇಡಿ. ಮೂತ್ರ ತಡೆಯಲಾಗದ್ದು, ರಾತ್ರಿ ಅಳುವುದು ಇವನ್ನೆಲ್ಲ ಸೊಸೆಯ ಬಾಯಲ್ಲಿ ಯಾವ ಅತ್ತೆಯೂ ಹೇಳಿಸುವುದಿಲ್ಲ.

9. ಬೇಗ ಹೋಗುವ ದಾರಿಗಳಿವೆ, ಕೇಳಿದರೆ ಮಾತ್ರ

ನರಗಳ ಕಾಯಿಲೆಯಾದ ಎ.ಎಲ್.ಎಸ್., ಹಲವು ಬಗೆಯ ಕ್ಯಾನ್ಸರ್ ಮುಂತಾದ ಇನ್ನೂರಕ್ಕೂ ಹೆಚ್ಚು ಕಾಯಿಲೆಗಳಿಗೆ 2008ರಿಂದ ಶೀಘ್ರ ಒಪ್ಪಿಗೆಯ ಪಟ್ಟಿಯಿದೆ. ಊಟ, ಔಷಧಿ, ಮನೆ ಇಲ್ಲದ ಸ್ಥಿತಿಗೆ ಬಂದವರು ಅದನ್ನು ದಾಖಲೆಯೊಂದಿಗೆ ಬರೆದು ತಿಳಿಸಿದರೆ ಸರದಿಯಲ್ಲಿ ಮುಂದಕ್ಕೆ ತರುತ್ತಾರೆ. ಮನೆ ಖಾಲಿ ಮಾಡಿಸುವ ನೋಟಿಸನ್ನು ನಾಚಿಕೆಯಿಂದ ಬಚ್ಚಿಡಬೇಡಿ, ನನಗೆ ಕಳಿಸಿ. ಕಡತ ಸ್ಪಷ್ಟವಾಗಿದ್ದರೆ ವಿಚಾರಣೆಯಿಲ್ಲದೆಯೇ ತೀರ್ಪು ಕೊಡಿ ಎಂದೂ ಕೇಳಬಹುದು.

10. ಪ್ರತಿನಿಧಿಯ ಶುಲ್ಕಕ್ಕೆ ಹೆದರಿ ಒಬ್ಬರೇ ಹೋಗಬೇಡಿ

ಸಾಮಾನ್ಯ ಒಪ್ಪಂದದಲ್ಲಿ ಗೆದ್ದರೆ ಬಾಕಿ ಹಣದ ಶೇ. 25 ಅಥವಾ ಕಾನೂನಿನ ಮಿತಿ, ಯಾವುದು ಕಡಿಮೆಯೋ ಅದು. ಸೋತರೆ ಶುಲ್ಕವಿಲ್ಲ. ಆ ಮಿತಿ 2009ರಿಂದ 6,000 ಡಾಲರ್ ಇತ್ತು, 2022ರಲ್ಲಿ 7,200, 2024ರ ನವೆಂಬರ್‌ನಲ್ಲಿ 9,200 ಆಯಿತು. ಮುಂಗಡ ಶುಲ್ಕ ಕೇಳುವವರ ಬಳಿ ಹೋಗಬೇಡಿ.

11. ಇಲ್ಲಿರುವ ಕನ್ನಡದ ಮನೆಗಳಿಗೆ

ಎಚ್-1ಬಿ ವೀಸಾದಲ್ಲಿ ದುಡಿಯುವವರೂ ಸೋಷಿಯಲ್ ಸೆಕ್ಯುರಿಟಿ ತೆರಿಗೆ ಕಟ್ಟುತ್ತಾರೆ. ವಿಮೆಗೆ ಅರ್ಹತೆ ಕೊಡುವ ಕ್ರೆಡಿಟ್‌ಗಳು ದುಡಿಮೆಯಿಂದ ವರ್ಷಕ್ಕೆ ಗರಿಷ್ಠ ನಾಲ್ಕು ಸಿಗುತ್ತವೆ. ಮೂವತ್ತೊಂದರಿಂದ ನಲವತ್ತೆರಡು ವಯಸ್ಸಿನವರಿಗೆ ಹಿಂದಿನ ಹತ್ತು ವರ್ಷದಲ್ಲಿ ಇಪ್ಪತ್ತು ಬೇಕು, ಅಂದರೆ ಐದು ವರ್ಷದ ದುಡಿಮೆ. ಭಾರತ ಮತ್ತು ಅಮೆರಿಕದ ನಡುವೆ ಸಾಮಾಜಿಕ ಭದ್ರತೆಯ ಒಪ್ಪಂದ ಇಲ್ಲವಾದ್ದರಿಂದ ಬೆಂಗಳೂರಿನಲ್ಲಿ ಪಿ.ಎಫ್. ಕಟ್ಟಿದ ವರ್ಷಗಳು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಗ್ರೀನ್ ಕಾರ್ಡಿನಲ್ಲಿ ಕರೆಸಿಕೊಂಡ ಅಪ್ಪ ಅಮ್ಮನಿಗೆ 1996ರ ಕಾನೂನಿನ ಪ್ರಕಾರ, ಪೌರತ್ವ ಸಿಗುವವರೆಗೆ ಎಸ್‌.ಎಸ್‌.ಐ. ಸಾಮಾನ್ಯವಾಗಿ ಸಿಗುವುದಿಲ್ಲ.

ನನಗೆ ಹೆಚ್ಚು ಚಿಂತೆ ಹೆಣ್ಣುಮಕ್ಕಳದು. ಕೆಲವು ವರ್ಷ ಎಂಜಿನಿಯರಾಗಿ ದುಡಿದು, ಮಕ್ಕಳಾದ ಮೇಲೆ ಕೆಲಸ ಬಿಟ್ಟವರು ಎಷ್ಟು ಜನ! ಐದು ವರ್ಷ ಕಳೆದರೆ ವಿಮೆಯ ರಕ್ಷಣೆ ಮುಗಿಯುತ್ತದೆ, ಯಾರೂ ಪತ್ರ ಬರೆದು ತಿಳಿಸುವುದಿಲ್ಲ. ಏಳನೆಯ ವರ್ಷದಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಗೊತ್ತಾದರೆ, ಕಾಯಿಲೆ ಕೆಲಸ ಮಾಡಲಾಗದಷ್ಟು ಆದದ್ದು ಆ ಕೊನೆಯ ದಿನಾಂಕಕ್ಕೆ ಮೊದಲೇ ಎಂದು ಸಾಬೀತು ಮಾಡಬೇಕಾಗುತ್ತದೆ. ಆಗ ನೆರವಿಗೆ ಬರುವುದು ಹಳೆಯ ಕಾಗದಗಳು. ರಜೆಗೆ ಊರಿಗೆ ಹೋದಾಗ ಕಣ್ಣು ಮಂಜಾಯಿತೆಂದು ತೋರಿಸಿದ ಕ್ಲಿನಿಕ್ಕಿನ ಚೀಟಿಯೂ ಸಾಕ್ಷ್ಯವೇ, ದಿನಾಂಕ ಮತ್ತು ವೈದ್ಯರ ಸಹಿ ಇರಬೇಕು. ಕನ್ನಡದಲ್ಲಿದ್ದರೆ ಇಂಗ್ಲಿಷಿಗೆ ಅನುವಾದ ಮಾಡಿಸಿದರಾಯಿತು. ಸೋಷಿಯಲ್ ಸೆಕ್ಯುರಿಟಿಯ ಆನ್‌ಲೈನ್ ಖಾತೆ ತೆರೆದು ನಿಮ್ಮ ಗಳಿಕೆಯ ದಾಖಲೆ ನೋಡಿ, ಕೊನೆಯ ದುಡಿಮೆಯ ವರ್ಷಕ್ಕೆ ಐದು ಕೂಡಿಸಿ, ಅಂದಾಜಿಗೆ ಆ ವರ್ಷವನ್ನು ಗಂಡ ಹೆಂಡತಿ ಇಬ್ಬರಿಗೂ ಕಾಣುವ ಕಡೆ ಬರೆದಿಡಿ. ನಿಖರವಾದ ದಿನಾಂಕವನ್ನು ಸ್ಥಳೀಯ ಕಚೇರಿಗೆ ಫೋನ್ ಮಾಡಿ ಕೇಳಿದರೆ ಹೇಳುತ್ತಾರೆ.